ಮುಚ್ಚಿದ ಕೊಳವೆಯೊಳಗಿನ ಒತ್ತಡ – ರೈತರು ತಿಳಿದಿರಬೇಕಾದ ಸಂಗತಿಗಳು

ನೀರನ್ನೋ ಎಣ್ಣೆಯನ್ನೋ ಕೊಳವೆಯೊಳಗೆ ಬಂಧಿಸಿ ಅದರಿಂದ ಕೆಲಸ ತೆಗೆಯುವ ಸಾಧನಗಳು ಬೇಸಾಯದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಹೋಬಳಿಯನ್ನೇ ತೆಗೆದುಕೊಳ್ಳೋಣ. ಬೇಸಿಗೆಯಲ್ಲಿ ಕೆರೆಗೋಡು ಮತ್ತು ತಿಪ್ಪೆ ಗೊಬ್ಬರವನ್ನು ಹೊಲಕ್ಕೆ ಸುರಿಯುವುದು ತೊಟ್ಟಿ ಎತ್ತುವ ಟ್ರೇಲರು. ಹೊಗೆಸೊಪ್ಪು, ಮುಸುಕಿನ ಜೋಳ, ಶುಂಠಿ ಬೆಳೆಗಳಿಗೆ ಔಷಧಿ ಹೊಡೆಯುವುದು ಬೆನ್ನಿಗೆ ಕಟ್ಟಿಕೊಳ್ಳುವ ಪಂಪು. ಕೊಳವೆಬಾವಿಯ ನೀರು ಹೊಲ ಮುಟ್ಟುವುದು ಪಿವಿಸಿ ಕೊಳವೆಯಲ್ಲಿ. ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಇದೇ ಸ್ಥಿತಿ.

ಈ ಸಾಧನಗಳನ್ನು ಬಳಸುವ ರೈತರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ನೀರಿನ ತೊಟ್ಟಿಯನ್ನು ಅಗಲವಾಗಿ, ದೊಡ್ಡದಾಗಿ ಕಟ್ಟಿದರೆ ಹನಿ ನೀರಾವರಿಗೆ ಒತ್ತಡ ಹೆಚ್ಚುತ್ತದೆಯೆ? ವಾಲ್ವು ಮುಚ್ಚಿದಾಗ ಪಂಪಿನ ಹತ್ತಿರದ ಕೊಳವೆ ಗಟ್ಟಿಯಾಗಿ ನಿಂತು, ದೂರದ ತಗ್ಗಿನ ಕೊಳವೆ ಏಕೆ ಒಡೆಯುತ್ತದೆ? ಬೆರಳು ದಪ್ಪದ ಒಂದು ರಬ್ಬರು ಕೊಳವೆ ಟನ್ನುಗಟ್ಟಲೆ ಮಣ್ಣನ್ನು ಎತ್ತುವುದು ಹೇಗೆ? ಮೂರಕ್ಕೂ ಉತ್ತರ ಒಂದೇ ನಿಯಮದಲ್ಲಿದೆ. ಆ ನಿಯಮವನ್ನು ತಿಳಿದವರು ಹಣ ಉಳಿಸಬಹುದು. ಕೆಲವು ಸಂದರ್ಭಗಳಲ್ಲಿ ಪ್ರಾಣವನ್ನೂ ಉಳಿಸಿಕೊಳ್ಳಬಹುದು.

ಒತ್ತಡ ಎಂದರೇನು?

ತೂಕ ಬೇರೆ, ಒತ್ತಡ ಬೇರೆ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬುದೇ ಒತ್ತಡ. ಒಂದೇ ತೋಳಬಲದಿಂದ ಮೊಂಡು ಕುಡುಗೋಲು ಬೆಳೆಯನ್ನು ಜಗ್ಗುತ್ತದೆ, ಹರಿತವಾದದ್ದು ಕೊಯ್ಯುತ್ತದೆ. ಬಲ ಅಷ್ಟೇ ಇದ್ದರೂ ಅದು ಬೀಳುವ ಜಾಗ ಕಿರಿದಾದಾಗ ಒತ್ತಡ ಏರುತ್ತದೆ. ಈ ಲೇಖನದಲ್ಲಿ ಒತ್ತಡವನ್ನು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಲೆಕ್ಕ ಹಾಕಿದೆ. ಪಂಪುಮನೆಯ ಒತ್ತಡ ಮಾಪಕದ ಮೇಲೂ, ಪಿವಿಸಿ ಕೊಳವೆಯ ಮೇಲೂ ಸಾಮಾನ್ಯವಾಗಿ ಇದೇ ಅಳತೆ ಇರುತ್ತದೆ.

ಕಲ್ಲಿನ ಮೇಲೆ ಭಾರವಿಟ್ಟರೆ ಆ ಭಾರ ಕೆಳಕ್ಕೆ ಮಾತ್ರ ಇಳಿಯುತ್ತದೆ. ದ್ರವದ ಗುಣ ಹಾಗಲ್ಲ. ಪಾಲಿಥೀನ್ ಚೀಲವೊಂದರಲ್ಲಿ ನೀರು ತುಂಬಿ ಬಾಯಿ ಕಟ್ಟಿ, ಸುತ್ತಲೂ ಗುಂಡುಸೂಜಿಯಿಂದ ಚುಚ್ಚಿ, ಮೇಲಿನಿಂದ ಅಂಗೈಯಲ್ಲಿ ಅದುಮಿ ನೋಡಿ. ಅದುಮಿದ್ದು ಕೆಳಮುಖವಾಗಿ, ಆದರೂ ನೀರು ಪಕ್ಕಕ್ಕೂ ಮೇಲಕ್ಕೂ ಚಿಮ್ಮುತ್ತದೆ. ಮುಚ್ಚಿದ ದ್ರವದ ಯಾವುದೇ ಒಂದು ಕಡೆ ಕೊಟ್ಟ ಒತ್ತಡ ಸ್ವಲ್ಪವೂ ಕಡಿಮೆಯಾಗದೆ ದ್ರವದ ಎಲ್ಲ ಭಾಗಕ್ಕೂ, ಎಲ್ಲ ದಿಕ್ಕಿಗೂ ಹರಡುತ್ತದೆ. ಇದನ್ನು ಸ್ಪಷ್ಟವಾಗಿ ಹೇಳಿದವನು ಫ್ರಾನ್ಸ್ ದೇಶದ ವಿಜ್ಞಾನಿ ಬ್ಲೇಸ್ ಪಾಸ್ಕಲ್ (1623–1662). ಅವನು ದ್ರವಗಳನ್ನು ಕುರಿತು ಬರೆದ ಗ್ರಂಥ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾಯಿತು. ಪಾಸ್ಕಲನ ನಿಯಮ ಎಂದು ಮಕ್ಕಳು ಶಾಲೆಯಲ್ಲಿ ಓದುವುದು ಇದನ್ನೇ.

ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿಕೊಳ್ಳಬೇಕು. ನೀರಿಗೆ ತನ್ನದೇ ತೂಕವಿದೆ. ಆದ್ದರಿಂದ ಆಳಕ್ಕೆ ಹೋದಂತೆಲ್ಲ ಒತ್ತಡ ಏರುತ್ತದೆ. ಒಂದು ಮೀಟರ್ ಆಳಕ್ಕೆ 0.1 ಕಿ.ಗ್ರಾಂ., 10 ಮೀಟರ್ ಆಳಕ್ಕೆ 1 ಕಿ.ಗ್ರಾಂ. ಈ ಒಂದು ಲೆಕ್ಕವನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಎತ್ತರ ಮುಖ್ಯ, ಅಗಲವಲ್ಲ

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂದು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಅಷ್ಟು ಆಳದ ನೀರು, ಎಂದರೆ ಸುಮಾರು 38 ಮೀಟರ್, ತಳದಲ್ಲಿ ಚದರ ಸೆಂಟಿಮೀಟರಿಗೆ 3.8 ಕಿ.ಗ್ರಾಂ. ಒತ್ತಡ ಕೊಡುತ್ತದೆ. ಹಿನ್ನೀರು ಎಷ್ಟು ಮೈಲಿ ಹಿಂದಕ್ಕೆ ಹಬ್ಬಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅದೇ 38 ಮೀಟರ್ ಎತ್ತರಕ್ಕೆ ಒಂದು ಅಂಗುಲದ ಕೊಳವೆಯನ್ನು ನಿಲ್ಲಿಸಿ ನೀರು ತುಂಬಿದರೂ ಅದರ ಬುಡದಲ್ಲಿ ಅಷ್ಟೇ ಒತ್ತಡ. ಅಣೆಕಟ್ಟೆಯ ಗೋಡೆಯನ್ನು ತಳದಲ್ಲಿ ದಪ್ಪವಾಗಿ, ಮೇಲೆ ಹೋದಂತೆ ತೆಳುವಾಗಿ ಕಟ್ಟುವುದಕ್ಕೂ ಒತ್ತಡ ಆಳದೊಂದಿಗೆ ಏರುವುದೇ ಕಾರಣ.

ಹೊಲದ ತೊಟ್ಟಿಗೂ ಇದೇ ನಿಯಮ. ಮೂರು ಮೀಟರ್ ಎತ್ತರದ ಕಟ್ಟೆಯ ಮೇಲೆ 1,000 ಲೀಟರಿನ ತೊಟ್ಟಿ ಇಟ್ಟರೂ, 10,000 ಲೀಟರಿನ ತೊಟ್ಟಿ ಕಟ್ಟಿದರೂ ಕೆಳಗಿನ ಕೊಳವೆಯಲ್ಲಿ ಒತ್ತಡ ಸುಮಾರು 0.3 ಕಿ.ಗ್ರಾಂ. ಮಾತ್ರ. ತೊಟ್ಟಿಯೊಳಗಿನ ನೀರಿನ ಆಳದಷ್ಟು ಅಲ್ಪಸ್ವಲ್ಪ ಕೂಡುತ್ತದೆ ಅಷ್ಟೇ. ದೊಡ್ಡ ತೊಟ್ಟಿಯಿಂದ ನೀರು ಹೆಚ್ಚು ಹೊತ್ತು ಬರುತ್ತದೆ, ಅಗಲವಾಗಿದ್ದರೆ ನೀರು ಖಾಲಿಯಾದಂತೆ ಒತ್ತಡ ನಿಧಾನವಾಗಿ ಇಳಿಯುತ್ತದೆ. ಈ ಎರಡು ಅನುಕೂಲಗಳುಂಟು. ಆದರೆ ಒತ್ತಡ ಬೇಕೆಂದು ತೊಟ್ಟಿಯ ಅಗಲಕ್ಕೆ ಹಣ ಸುರಿಯುವುದು ವ್ಯರ್ಥ.

ಹನಿ ನೀರಾವರಿಯ ಡ್ರಿಪ್ಪರುಗಳನ್ನು ಸಾಮಾನ್ಯವಾಗಿ 1 ಕಿ.ಗ್ರಾಂ. ಒತ್ತಡಕ್ಕೆ ಹೊಂದುವಂತೆ ತಯಾರಿಸಿರುತ್ತಾರೆ. ಒತ್ತಡ ಸರಿದೂಗಿಸುವ ಸೌಲಭ್ಯವಿಲ್ಲದ ಸಾಧಾರಣ ಡ್ರಿಪ್ಪರು ಆ ಒತ್ತಡದಲ್ಲಿ ಗಂಟೆಗೆ 4 ಲೀಟರ್ ಕೊಡುವುದಾದರೆ, 0.3 ಕಿ.ಗ್ರಾಂ. ಒತ್ತಡದಲ್ಲಿ ಸುಮಾರು 2.2 ಲೀಟರ್ ಕೊಡುತ್ತದೆ. ನೀರು ಎರಡರಷ್ಟಾಗಬೇಕಾದರೆ ಒತ್ತಡ ನಾಲ್ಕರಷ್ಟಾಗಬೇಕು ಎಂಬುದು ಇಲ್ಲಿನ ಸೂತ್ರ. ಆದ್ದರಿಂದ ತಗ್ಗಿನ ತೊಟ್ಟಿಯಿಂದ ಹನಿ ಹಾಯಿಸುವವರು ಹೆಚ್ಚು ಹೊತ್ತು ನೀರು ಬಿಡಬೇಕು, ಕವಲು ಕೊಳವೆಗಳನ್ನು ಗಿಡ್ಡವಾಗಿ ಇಟ್ಟುಕೊಳ್ಳಬೇಕು.

ಬೆಟ್ಟದಪುರದ ಸುತ್ತಿನ ಹೊಲಗಳು ಬಹುಪಾಲು ಏರುತಗ್ಗಿನವು. ಇಂಥ ಕಡೆ ನಿಸರ್ಗವೇ ಕಟ್ಟೆ ಕಟ್ಟಿಕೊಟ್ಟಿದೆ ಎನ್ನಬಹುದು. ಹೊಲದ ಮೇಲ್ಮೂಲೆಯಲ್ಲಿ ನೆಲಮಟ್ಟದ ತೊಟ್ಟಿ ಮಾಡಿದರೆ, ಕೆಳಗಿನ ಮೂಲೆ ಅಲ್ಲಿಂದ 6 ಮೀಟರ್ ತಗ್ಗಿದ್ದಲ್ಲಿ, ಕಂಬಗಳ ಖರ್ಚಿಲ್ಲದೆ 0.6 ಕಿ.ಗ್ರಾಂ. ಒತ್ತಡ ಸಿಗುತ್ತದೆ.

ಹೊಲದ ಏರುತಗ್ಗನ್ನು ಅಳೆಯುವ ವಿಧಾನ

ಮೇಲ್ಮೂಲೆಗೂ ಕೆಳಮೂಲೆಗೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಮನೆ ಕಟ್ಟುವಾಗ ಮಟ್ಟ ನೋಡಲು ಬಳಸುವ ಪಾರದರ್ಶಕ ಕೊಳವೆಯೇ ಸಾಕು. ಒಂದಕ್ಕೊಂದು ಕೂಡಿದ ನೀರು ಎರಡು ತುದಿಯಲ್ಲೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮಟ್ಟ ಬೇರೆಯಾದರೆ ಒತ್ತಡ ಬೇರೆಯಾಗುತ್ತದೆ, ಒತ್ತಡ ಬೇರೆಯಾದರೆ ನೀರು ಹರಿದು ಸಮ ಮಾಡಿಕೊಳ್ಳುತ್ತದೆ.

ಸುಮಾರು 15 ಮೀಟರ್ ಉದ್ದದ ಕೊಳವೆ ತೆಗೆದುಕೊಂಡು, ಎರಡು ತುದಿಗಳನ್ನೂ ಆಳೆತ್ತರದ ಎರಡು ಕೋಲುಗಳಿಗೆ ಕಟ್ಟಿ. ಕೋಲುಗಳ ಮೇಲೆ ಬುಡದಿಂದ ಸೆಂಟಿಮೀಟರ್ ಗುರುತುಗಳಿರಲಿ. ಕೊಳವೆಯಲ್ಲಿ ಎದೆಮಟ್ಟಕ್ಕೆ ನೀರು ತುಂಬಿ. ಗಾಳಿಗುಳ್ಳೆಗಳು ಒಂದೂ ಉಳಿಯಬಾರದು, ಉಳಿದರೆ ಮಟ್ಟ ತಪ್ಪಾಗಿ ಕಾಣುತ್ತದೆ. ಒಬ್ಬರು ಮೇಲಿನ ಜಾಗದಲ್ಲಿ, ಇನ್ನೊಬ್ಬರು ಹತ್ತು ಹನ್ನೆರಡು ಮೀಟರ್ ಕೆಳಗೆ ಕೋಲನ್ನು ನೆಟ್ಟಗೆ ಹಿಡಿದು, ನೀರು ನಿಂತ ಮೇಲೆ ಇಬ್ಬರೂ ತಮ್ಮ ಗುರುತನ್ನು ಓದಬೇಕು. ಮೇಲಿನವರು 90, ಕೆಳಗಿನವರು 130 ಎಂದು ಓದಿದರೆ ನೆಲ ಅಲ್ಲಿಗೆ 40 ಸೆಂ.ಮೀ. ಇಳಿದಿದೆ ಎಂದು ಅರ್ಥ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಅಳೆದು ಕೂಡಿಸಿದರೆ ಹೊಲದ ಪೂರ್ಣ ಇಳಿಜಾರು ಸಿಗುತ್ತದೆ. ಇದೇ ಕೊಳವೆಯಿಂದ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದ ಗೆರೆ ಹಾಕಿ ಬದುಗಳನ್ನೂ ಹಾಕಬಹುದು, ಸಾಲುಗಳನ್ನೂ ಹೊಡೆಯಬಹುದು.

ವಾಲ್ವು ಮುಚ್ಚಿದಾಗ ಕೊಳವೆ ಒಡೆಯುವುದೇಕೆ?

ನೀರು ಹರಿಯುತ್ತಿರುವಾಗ ಕೊಳವೆಯ ಗೋಡೆಯ ಉಜ್ಜಾಟದಿಂದ ಒತ್ತಡ ದಾರಿಯುದ್ದಕ್ಕೂ ಖರ್ಚಾಗುತ್ತದೆ. ನೀರು ನಿಂತ ಕ್ಷಣದಿಂದ ಈ ಖರ್ಚು ಇಲ್ಲ. ಪಂಪಿನ ಬಾಯಲ್ಲಿರುವ ಒತ್ತಡ ಪೂರ್ತಿಯಾಗಿ ಕೊನೆಯ ತುದಿಯವರೆಗೂ ಹರಡುತ್ತದೆ.

ಒಂದು ಉದಾಹರಣೆ ನೋಡೋಣ. ಪಂಪುಮನೆಯಿಂದ ಹೊಲದ ತುದಿ 10 ಮೀಟರ್ ತಗ್ಗಿನಲ್ಲಿದೆ. ನೀರು ಹರಿಯುವಾಗ ಪಂಪುಮನೆಯ ಮಾಪಕ 2.5 ಕಿ.ಗ್ರಾಂ. ತೋರಿಸುತ್ತದೆ. ತಗ್ಗಿನಿಂದ 1 ಕಿ.ಗ್ರಾಂ. ಕೂಡುತ್ತದೆ, ಉಜ್ಜಾಟದಿಂದ 2 ಕಿ.ಗ್ರಾಂ. ಕಳೆಯುತ್ತದೆ, ತುದಿಯಲ್ಲಿ ಉಳಿಯುವುದು 1.5 ಕಿ.ಗ್ರಾಂ. ಈಗ ಪಂಪು ಓಡುತ್ತಿರುವಾಗಲೇ ಎಲ್ಲ ವಾಲ್ವುಗಳನ್ನೂ ಮುಚ್ಚಿದಿರೆನ್ನಿ. ನೀರು ಹೊರಹೋಗದಿದ್ದಾಗ ನಾವು ಬಳಸುವ ಪಂಪುಗಳ ಒತ್ತಡ ತಾನಾಗಿಯೇ ಏರುತ್ತದೆ. ಅದು 4 ಕಿ.ಗ್ರಾಂ. ಆಯಿತೆಂದು ಇಟ್ಟುಕೊಳ್ಳೋಣ. ಉಜ್ಜಾಟದ ನಷ್ಟ ಸೊನ್ನೆ, ತಗ್ಗಿನ 1 ಕಿ.ಗ್ರಾಂ. ಹಾಗೆಯೇ ಇದೆ. ತುದಿಯಲ್ಲಿ ಈಗ 5 ಕಿ.ಗ್ರಾಂ.! ಒಂದೂವರೆ ಇದ್ದದ್ದು ಮೂರು ಪಟ್ಟಿಗೂ ಮಿಕ್ಕಿತು. ಅಲ್ಲಿ 4 ಕಿ.ಗ್ರಾಂ. ದರ್ಜೆಯ ಕೊಳವೆ ಹಾಕಿದ್ದರೆ ಅದು ತನ್ನ ಮಿತಿ ಮೀರಿದ ಒತ್ತಡವನ್ನು ಹೊರುತ್ತಿರುತ್ತದೆ. ಪಂಪಿನ ಬಳಿ ಗಟ್ಟಿ ಕೊಳವೆ ಹಾಕಿ, "ದೂರ ಹೋದಂತೆ ಒತ್ತಡ ಕಡಿಮೆ" ಎಂದು ತುದಿಗೆ ತೆಳು ಕೊಳವೆ ಹಾಕುವವರು ಈ ಲೆಕ್ಕವನ್ನು ಗಮನಿಸಬೇಕು. ಇಳಿಜಾರಿನ ಹೊಲದಲ್ಲಿ ಹೆಚ್ಚಿನ ದರ್ಜೆಯ ಕೊಳವೆ ಬೇಕಾದದ್ದು ತಗ್ಗಿಗೆ. ಕೊಳವೆಯ ಮೈಮೇಲೆ 2.5, 4, 6, 10 ಎಂದು ಮುಂತಾಗಿ ದರ್ಜೆ ಅಚ್ಚಾಗಿರುತ್ತದೆ. ಕೊಳ್ಳುವ ಮುನ್ನ ಓದಿ ನೋಡುವುದು ಒಳ್ಳೆಯದು.

ಇನ್ನು ತುದಿಯ ಮುಚ್ಚಳ ಹಾರಿಹೋಗುವ ವಿಚಾರ. ಒಳಗಿನ ಅಡ್ಡಳತೆ 7 ಸೆಂ.ಮೀ. ಇರುವ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 38 ಚದರ ಸೆಂ.ಮೀ. ಐದು ಕಿ.ಗ್ರಾಂ. ಒತ್ತಡದಲ್ಲಿ ಮುಚ್ಚಳವನ್ನು ಹೊರಕ್ಕೆ ನೂಕುವ ಬಲ 190 ಕಿ.ಗ್ರಾಂ. ಆಗುತ್ತದೆ. ಎಂದರೆ ಎರಡು ಕ್ವಿಂಟಾಲಿಗೆ ಹತ್ತು ಕಿಲೋ ಕಡಿಮೆ. ಬರಿಯ ಅಂಟಿನ ಬಲವನ್ನೇ ನಂಬದೆ ತುದಿಯ ಹಿಂದೆ, ತಿರುವುಗಳ ಹೊರಮಗ್ಗುಲಿಗೆ, ಕವಲುಗಳ ಬೆನ್ನಿಗೆ ಕಲ್ಲುಗಾರೆಯ ಆಸರೆ ಕೊಡಬೇಕು.

ವಾಲ್ವನ್ನು ಥಟ್ಟನೆ ಮುಚ್ಚುವುದು ಮತ್ತೊಂದು ಅಪಾಯ. ಓಡುತ್ತಿದ್ದ ನೀರು ಒಮ್ಮೆಲೆ ನಿಂತಾಗ ಗೋಡೆಗೆ ಗುದ್ದಿದಂತೆ ಹೊಡೆತ ಬೀಳುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಪಿವಿಸಿ ಕೊಳವೆಯಲ್ಲಿ ಹೀಗೆ ನಿಂತರೆ ಮೂರು ನಾಲ್ಕು ಕಿ.ಗ್ರಾಂ. ಹೆಚ್ಚುವರಿ ಒತ್ತಡ ಕ್ಷಣಮಾತ್ರ ಏಳುತ್ತದೆ. ಆದ್ದರಿಂದ ಮುಂದಿನ ತಾಕಿನ ವಾಲ್ವನ್ನು ತೆರೆದ ನಂತರವೇ ಹಿಂದಿನದನ್ನು ನಿಧಾನವಾಗಿ ಮುಚ್ಚಬೇಕು.

ಒಂದು ಲೀಟರ್ ನೀರಿನ ಬಲ

ಮುಚ್ಚಿದ ಪಾತ್ರೆಗೆ ನೀರು ತುಂಬಿಸುವವರು ಈ ಲೆಕ್ಕವನ್ನು ಮನಸ್ಸಿಟ್ಟು ನೋಡಬೇಕು. ಬಾಯಿ ಬಿಗಿಯಾಗಿ ಮುಚ್ಚಿದ, ನೀರು ತುಂಬಿದ ಒಂದು ಡ್ರಮ್ಮಿನ ಮೇಲೆ 1 ಚದರ ಸೆಂ.ಮೀ. ಬಾಯಿಯ ಸಣ್ಣ ಕೊಳವೆಯನ್ನು 10 ಮೀಟರ್ ಎತ್ತರಕ್ಕೆ ನಿಲ್ಲಿಸಿದೆ ಎಂದುಕೊಳ್ಳಿ. ಆ ಕೊಳವೆ ತುಂಬಲು ಬೇಕಾಗುವುದು ಒಂದೇ ಲೀಟರ್ ನೀರು. ಆದರೆ ಡ್ರಮ್ಮಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ 1 ಕಿ.ಗ್ರಾಂ. ಒತ್ತಡ ಹೆಚ್ಚುತ್ತದೆ. ಮುಚ್ಚಳದ ಅಡ್ಡಳತೆ 60 ಸೆಂ.ಮೀ. ಇದ್ದರೆ ಅದನ್ನು ಮೇಲಕ್ಕೆ ನೂಕುವ ಬಲ 2,800 ಕಿ.ಗ್ರಾಂ. ಮೀರುತ್ತದೆ. ಡ್ರಮ್ಮು ಬಿರಿಯುತ್ತದೆ. ತೊಟ್ಟಿಗಳಿಗೆ, ಗೊಬ್ಬರ ಕರಗಿಸುವ ಪೀಪಾಯಿಗಳಿಗೆ ಪಂಪಿನ ನೀರು ಬಿಡುವಾಗ ಗಾಳಿ ಹಾಗೂ ಹೆಚ್ಚಿನ ನೀರು ಹೊರಹೋಗುವ ದಾರಿ ಸದಾ ತೆರೆದಿರಬೇಕೆನ್ನುವುದು ಇದಕ್ಕಾಗಿಯೇ.

ಟ್ರ್ಯಾಕ್ಟರಿನ ಎಣ್ಣೆ ಎತ್ತುವ ಭಾರ

ಇದೇ ನಿಯಮವನ್ನು ಬೇಕೆಂದೇ ಬಳಸಿಕೊಂಡರೆ ದೊಡ್ಡ ಭಾರ ಎತ್ತಬಹುದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವದ ಒತ್ತಡದಿಂದ ನಡೆಯುವ ಒತ್ತುಯಂತ್ರಕ್ಕೆ ಪೇಟೆಂಟು ಪಡೆದ. ಹ್ಯಾರಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗಳಿಂದ ನೇಗಿಲನ್ನು ಜೋಡಿಸಿ ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿ ಇಳಿಸುವ ಏರ್ಪಾಡು ಮಾಡಿದ. ಆ ಏರ್ಪಾಡಿದ್ದ ಫರ್ಗ್ಯುಸನ್-ಬ್ರೌನ್ ಟ್ರ್ಯಾಕ್ಟರು 1936ರಲ್ಲಿ ಮಾರಾಟಕ್ಕೆ ಬಂತು. ನಮ್ಮ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಹಿಂಬದಿಯ ಎತ್ತುಗೈ, ಟ್ರೇಲರಿನ ತೊಟ್ಟಿ ಎತ್ತುವ ಜಾಕು, ಕೆರೆಯ ಹೂಳು ತೆಗೆಯುವ ಜೆಸಿಬಿ ಎಲ್ಲವೂ ಇದೇ ವಂಶದವು.

ಲೆಕ್ಕ ಸರಳ. 1 ಚದರ ಸೆಂ.ಮೀ. ಪಿಸ್ಟನ್ನನ್ನು 10 ಕಿ.ಗ್ರಾಂ. ಬಲದಿಂದ ಒತ್ತಿದರೆ, ಅದೇ ಎಣ್ಣೆಗೆ ಕೂಡಿದ 100 ಚದರ ಸೆಂ.ಮೀ. ಪಿಸ್ಟನ್ನು 1,000 ಕಿ.ಗ್ರಾಂ. ಎತ್ತುತ್ತದೆ. ಪುಕ್ಕಟೆಯಾಗಿ ಅಲ್ಲ: ದೊಡ್ಡದು 1 ಸೆಂ.ಮೀ. ಏಳಬೇಕಾದರೆ ಚಿಕ್ಕದು 100 ಸೆಂ.ಮೀ. ಚಲಿಸಬೇಕು. ಸನ್ನೆಗೋಲಿನಿಂದ ಬಂಡೆ ಎಬ್ಬಿಸುವಾಗ ನಮ್ಮ ಕೈ ಬಹಳ ದೂರ ಇಳಿದು ಬಂಡೆ ಸ್ವಲ್ಪವೇ ಏಳುವುದಿಲ್ಲವೆ, ಹಾಗೆಯೇ. ಟ್ರ್ಯಾಕ್ಟರಿನ ಪಂಪು 150 ಕಿ.ಗ್ರಾಂ. ಒತ್ತಡ ಕೊಟ್ಟು, ಜಾಕಿನ ಒಳ ಅಡ್ಡಳತೆ 10 ಸೆಂ.ಮೀ. ಇದ್ದರೆ ಎತ್ತುವ ಬಲ 11 ಟನ್ನು ದಾಟುತ್ತದೆ. ಅದು ಅರ್ಧ ಮೀಟರ್ ಏಳಲು ಬೇಕಾಗುವ ಎಣ್ಣೆ ಸುಮಾರು 4 ಲೀಟರ್.

ಈ ಬಲವನ್ನೆಲ್ಲ ಹಿಡಿದು ನಿಲ್ಲಿಸಿರುವುದು ಏನು ಎಂಬುದನ್ನು ಯೋಚಿಸಬೇಕು. ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡಿರುತ್ತದೆ. ದಪ್ಪ ಉಕ್ಕಿನ ಜಾಕಿನ ಮೇಲೆ ಎಷ್ಟೋ, ಸವೆದ ರಬ್ಬರು ಕೊಳವೆಯ ಮೇಲೂ ಅಷ್ಟೇ. ಸಡಿಲಾದ ಮರೆ, ಹಳತಾದ ವಾಷರು ಎಲ್ಲದರ ಮೇಲೂ ಅಷ್ಟೇ. ದುರ್ಬಲವಾದ ಜಾಗಕ್ಕೆ ಒತ್ತಡ ರಿಯಾಯಿತಿ ತೋರಿಸುವುದಿಲ್ಲ. ಎಲ್ಲಿ ದುರ್ಬಲವೋ ಅಲ್ಲಿ ಬಿಡುತ್ತದೆ, ಬಿಟ್ಟ ಕೂಡಲೆ ಎತ್ತಿದ್ದ ತೊಟ್ಟಿ ಕೆಳಕ್ಕೆ ಬೀಳುತ್ತದೆ. ಓಡಲು ಸಮಯವಿರುವುದಿಲ್ಲ. ಆದ್ದರಿಂದ ಗಟ್ಟಿಯಾದ ಆಸರೆ ಕೊಡದೆ ಎತ್ತಿದ ಟ್ರೇಲರಿನ ಕೆಳಗಾಗಲಿ, ಎತ್ತಿದ ನೇಗಿಲು ಅಥವಾ ರೋಟವೇಟರಿನ ಕೆಳಗಾಗಲಿ ತಲೆ ಹಾಕಬಾರದು. ಗ್ರೀಸು ಹಾಕುವುದು, ಅಂಟಿದ ಗೋಡನ್ನು ಕೆರೆಯುವುದು, ಬೋಲ್ಟು ಬಿಗಿಯುವುದು – ಕೆಲಸ ಎರಡೇ ನಿಮಿಷದ್ದಾದರೂ ಆಸರೆ ಕೊಟ್ಟೇ ಮಾಡಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ರಬ್ಬರು ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಎಣ್ಣೆ ಎಷ್ಟು ಸಣ್ಣ ಎಳೆಯಾಗಿ, ಎಷ್ಟು ಬಲವಾಗಿ ಚಿಮ್ಮುತ್ತದೆಂದರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಡಿಮೆ. ಒಳಗೆ ಮಾಂಸ ಕೆಡುತ್ತಾ ಹೋಗುತ್ತದೆ; ತಡ ಮಾಡಿದರೆ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಸೋರಿಕೆಯನ್ನು ಎಂದೂ ಕೈಯಿಂದ ಸವರಿ ಹುಡುಕಬಾರದು. ಎಂಜಿನ್ನು ನಿಲ್ಲಿಸಿ, ಭಾರ ಇಳಿಸಿ, ಸನ್ನೆಯನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಟ್ಟ ಮೇಲೆಯೇ ಮರೆಗಳನ್ನು ಬಿಚ್ಚಬೇಕು. ಒಂದು ವೇಳೆ ಎಣ್ಣೆ ಚುಚ್ಚಿದರೆ, ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ಕೂಡಲೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ "ಒತ್ತಡದ ಎಣ್ಣೆ ಒಳಹೊಕ್ಕಿದೆ" ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು.

ಔಷಧಿ ಹೊಡೆಯುವ ಪಂಪು

ನೀರಿಗೂ ಗಾಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ನೀರನ್ನು ಎಷ್ಟು ಅದುಮಿದರೂ ಅದು ಕುಗ್ಗುವುದು ನಗಣ್ಯ. ಗಾಳಿ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಬೆನ್ನಿನ ಪಂಪಿನಲ್ಲಿ ಪುಟ್ಟ ಗಾಳಿಕೋಶ ಇಟ್ಟಿರುವುದು ಇದಕ್ಕೇ: ಕೈ ಮೇಲೆ ಕೆಳಗೆ ಆಡಿದರೂ ಕೋಶದ ಗಾಳಿ ಒತ್ತಡವನ್ನು ಹಿಡಿದಿಟ್ಟು ದ್ರಾವಣ ಒಂದೇ ಸಮನೆ ಹೊರಬರುವಂತೆ ಮಾಡುತ್ತದೆ. ಹಿಡಿಯ ಆಟ ಏರುಪೇರಾದರೆ ಒತ್ತಡವೂ ಏರುಪೇರಾಗಿ ಒಂದು ಸಾಲಿಗೆ ಔಷಧಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಒತ್ತಡ ಅತಿಯಾದರೆ ಹನಿಗಳು ಮಂಜಿನಂತಾಗಿ ಗಾಳಿಗೆ ತೇಲಿ ಹೋಗುತ್ತವೆ.

ಮೊದಲೇ ಗಾಳಿ ತುಂಬಿ ನಂತರ ಹೊಡೆಯುವ ಮಾದರಿಯ ಪಂಪಿನಲ್ಲಿ, ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಮುಚ್ಚಳ ತಿರುಗಿಸಬೇಕು. ಇಲ್ಲವಾದರೆ ಮುಚ್ಚಳವೂ ವಿಷವೂ ಮುಖಕ್ಕೆ ಹಾರುತ್ತವೆ. ಕಟ್ಟಿಕೊಂಡ ಮೂತಿಯನ್ನು ಬಾಯಿಂದ ಊದುವ ಅಭ್ಯಾಸ ಯಾರಿಗಿದ್ದರೂ ಬಿಡಿಸಬೇಕು. ಮೂತಿಯನ್ನು ಬಿಚ್ಚಿ ನೀರಿನಲ್ಲಿ ತೊಳೆದು ಮೆದು ಬ್ರಷ್ಷಿನಿಂದ ಉಜ್ಜಿದರೆ ಸಾಕು. ಹೊಸ ಕೊಳವೆ ಸಾಲಿನ ಸೋರಿಕೆ ಪರೀಕ್ಷೆಯನ್ನೂ ಗಾಳಿಯಿಂದ ಮಾಡದೆ ನೀರಿನಿಂದಲೇ ಮಾಡಬೇಕು. ನೀರು ತುಂಬಿದ ಕೊಳವೆ ಬಿರುಕು ಬಿಟ್ಟರೆ ಒತ್ತಡ ತಕ್ಷಣ ಇಳಿಯುತ್ತದೆ, ಗಾಳಿ ತುಂಬಿದ ಕೊಳವೆ ಸಿಡಿದು ಚೂರುಗಳನ್ನು ಎರಚುತ್ತದೆ.

ನೆನಪಿಡಬೇಕಾದ ಅಂಶಗಳು

1. ಹತ್ತು ಮೀಟರ್ ಎತ್ತರದ ನೀರಿಗೆ 1 ಕಿ.ಗ್ರಾಂ. ಒತ್ತಡ. ತೊಟ್ಟಿಯ ಅಗಲದಿಂದ ಒತ್ತಡ ಹೆಚ್ಚದು.

2. ತೊಟ್ಟಿಯ ಜಾಗ ನಿರ್ಧರಿಸುವ ಮುನ್ನ ನೀರುಕೊಳವೆಯಿಂದ ಹೊಲದ ಏರುತಗ್ಗನ್ನು ಅಳೆಯಿರಿ.

3. ಕೊಳವೆಯ ದರ್ಜೆಯನ್ನು ನೀರು ನಿಂತಾಗಿನ ಒತ್ತಡಕ್ಕೆ, ಅದರಲ್ಲೂ ಅತಿ ತಗ್ಗಿನ ಜಾಗಕ್ಕೆ ಲೆಕ್ಕ ಹಾಕಿ ಆರಿಸಿ.

4. ವಾಲ್ವನ್ನು ನಿಧಾನವಾಗಿ ಮುಚ್ಚಿ. ಮುಂದಿನದನ್ನು ತೆರೆಯದೆ ಹಿಂದಿನದನ್ನು ಮುಚ್ಚಬೇಡಿ.

5. ತಿರುವು, ಕವಲು, ತುದಿಗಳಿಗೆ ಕಲ್ಲುಗಾರೆಯ ಆಸರೆ ಕೊಡಿ.

6. ಮುಂಗಾರಿನ ಉಳುಮೆಗೆ ಮುಂಚೆ ಟ್ರ್ಯಾಕ್ಟರು, ಟ್ರೇಲರುಗಳ ರಬ್ಬರು ಕೊಳವೆಗಳನ್ನು ಪರೀಕ್ಷಿಸಿ. ಉಬ್ಬಿದ, ಬಿರಿದ, ತಂತಿ ಕಾಣಿಸಿಕೊಂಡ ಕೊಳವೆಯನ್ನು ಬದಲಿಸಿ. ಸುತ್ತು ಹಾಕಿ ಕಟ್ಟಿ ಕೆಲಸ ಸಾಗಿಸಬೇಡಿ.

7. ಎತ್ತಿದ ಭಾರದ ಕೆಳಗೆ ಆಸರೆಯಿಲ್ಲದೆ ಹೋಗಬೇಡಿ.

ಕೊಳವೆಯ ದರ್ಜೆ, ಪಂಪಿನ ಆಯ್ಕೆ, ಹನಿ ನೀರಾವರಿಯ ಒತ್ತಡ ಇವುಗಳ ಬಗ್ಗೆ ಸಂದೇಹವಿದ್ದಲ್ಲಿ, ಹೊಲದ ಉದ್ದ, ಇಳಿಜಾರು ಮತ್ತು ಪಂಪಿನ ವಿವರಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಟ್ರ್ಯಾಕ್ಟರು ಕೂಲಿಗೆ ತೆಗೆದುಕೊಳ್ಳುವ ರೈತರು ಈ ಮಾತುಗಳನ್ನು ಅದನ್ನು ಓಡಿಸುವ ಹುಡುಗರಿಗೂ ಓದಿ ಹೇಳಬೇಕು. ತೊಟ್ಟಿಯ ಕೆಳಗೆ ಬಗ್ಗುವವರು ಹೆಚ್ಚಾಗಿ ಅವರೇ.